ಹಳೆಯ ಯಂತ್ರಗಳಿಂದ ಒಳ್ಳೆಯ ರಸಮೇವು: ಯಂತ್ರದ ಶಕ್ತಿಗೆ ತಕ್ಕಂತೆ ಗುಂಡಿ, ಗುಂಡಿಗೆ ತಕ್ಕಂತೆ ಕೊಯ್ಲು

ರಸಮೇವು, ಅಂದರೆ ಗಾಳಿಯಾಡದಂತೆ ಗುಂಡಿಯಲ್ಲಿ ಮುಚ್ಚಿ ಹುದುಗಿಸಿದ ಹಸಿರು ಮೇವು (ಸೈಲೇಜ್), ಕೆಟ್ಟಾಗ ದೂರು ಮೊದಲು ಹೋಗುವುದು ಹಳೆಯ ಕತ್ತರಿಸುವ ಯಂತ್ರದ ಮೇಲೆ. ಆದರೆ ಕೆಟ್ಟ ಗುಂಡಿಯನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವ ಕಾರಣಗಳು ಬೇರೆ. ಬೆಳೆಯನ್ನು ಹದ ತಪ್ಪಿ ಕೊಯ್ದಿರುತ್ತಾರೆ, ಮೊಂಡಾದ ಅಲಗುಗಳು ಮೇವನ್ನು ಕತ್ತರಿಸುವ ಬದಲು ಜಜ್ಜಿ ಎಳೆದಿರುತ್ತವೆ, ಇಲ್ಲವೇ ಗುಂಡಿ ತುಂಬಲು ವಾರಗಟ್ಟಲೆ ತೆಗೆದುಕೊಂಡು ಅಷ್ಟೂ ದಿನ ಮೇವನ್ನು ಗಾಳಿಗೆ ಬಿಟ್ಟಿರುತ್ತಾರೆ. ಇವುಗಳಲ್ಲಿ ಯಾವುದೂ ಯಂತ್ರದ ವಯಸ್ಸಿನಿಂದ ಆಗುವುದಲ್ಲ. ಮೂವತ್ತು ನಲವತ್ತು ವರ್ಷ ಹಳೆಯದಾದ ಕಟಾವು ಯಂತ್ರ, ಹಗುರವಾದ ಹಳೆಯ ಟ್ರಾಕ್ಟರ್ ಮತ್ತು ಒಂದೆರಡು ಟ್ರೈಲರುಗಳಿಂದ ಉತ್ತಮ ದರ್ಜೆಯ ರಸಮೇವನ್ನು ಖಂಡಿತವಾಗಿ ಮಾಡಬಹುದು. ಅದಕ್ಕಿರುವ ಷರತ್ತು ಒಂದೇ: ಯಂತ್ರ ಗಂಟೆಗೆ ಎಷ್ಟು ಮೇವು ಕತ್ತರಿಸಬಲ್ಲದು ಎಂಬುದನ್ನು ಮೊದಲು ಅಳೆದು, ಉಳಿದ ಎಲ್ಲ ತೀರ್ಮಾನಗಳನ್ನೂ ಆ ಲೆಕ್ಕದ ಮೇಲೆ ಕೈಗೊಳ್ಳಬೇಕು.

ಗುಂಡಿಯೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ಸೂಚನೆಗಳ ಕಾರಣ ತಾನಾಗಿಯೇ ಅರ್ಥವಾಗುತ್ತದೆ. ಕತ್ತರಿಸಿದ ಮೇಲೂ ಹಸಿರು ಮೇವು ಉಸಿರಾಡುತ್ತಲೇ ಇರುತ್ತದೆ. ಗಾಳಿ ಇರುವವರೆಗೆ ಅದು ತನ್ನೊಳಗಿನ ಸಕ್ಕರೆಯನ್ನು ಸುಟ್ಟು ಬಿಸಿಯಾಗುತ್ತದೆ. ಗಾಳಿ ಮುಗಿದ ಮೇಲೆ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಮೇವಿನ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) ಇಳಿಯುತ್ತದೆ, ಮತ್ತು ಸುಮಾರು 4ರ ಹತ್ತಿರ ಬಂದಾಗ ಮೇವನ್ನು ಕೆಡಿಸುವ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆ. ಆಮ್ಲೀಯತೆಯನ್ನು ಬೇಗ ಏರಿಸಿದರೆ ಮೇವು ಉಳಿಯುತ್ತದೆ ಎಂಬ ತತ್ವದ ಮೇಲೆ ಮೇವು ಸಂರಕ್ಷಣೆಯ ವಿಧಾನ ರೂಪಿಸಿದ ಫಿನ್ಲೆಂಡಿನ ರಸಾಯನ ವಿಜ್ಞಾನಿ ವಿರ್ಟಾನೆನ್ ಅವರಿಗೆ 1945ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಡೀ ಕೆಲಸದ ಸಾರ ಇಷ್ಟೇ: ಮೇವಿನಲ್ಲಿ ಸಾಕಷ್ಟು ಸಕ್ಕರೆ ಇರಬೇಕು, ಮಣ್ಣು ಇರಬಾರದು, ಗಾಳಿ ಆದಷ್ಟು ಬೇಗ ಹೊರಹೋಗಬೇಕು ಮತ್ತು ಮತ್ತೆ ಒಳಬರಬಾರದು.

ಮೊದಲು ಲೆಕ್ಕ, ಆಮೇಲೆ ಗುಂಡಿ

ಹೆಚ್ಚಿನವರು ಮೊದಲು ಗುಂಡಿ ತೋಡಿ, ಆಮೇಲೆ ಅದನ್ನು ತುಂಬಲು ಯಂತ್ರವನ್ನು ದುಡಿಸುತ್ತಾರೆ. ಹಳೆಯ ಯಂತ್ರವಿದ್ದಾಗ ಈ ಕ್ರಮ ತಲೆಕೆಳಗಾಗಬೇಕು. ಒಂದು ಟ್ರೈಲರಿಗೆ ಎಷ್ಟು ತೂಕದ ಕತ್ತರಿಸಿದ ಮೇವು ಹಿಡಿಸುತ್ತದೆ ಎಂದು ತೂಕದ ಸೇತುವೆಯ ಮೇಲೆ ಒಮ್ಮೆ ನೋಡಿಕೊಂಡು, ಅದು ತುಂಬಲು ಹಿಡಿಯುವ ಸಮಯವನ್ನು ಗಡಿಯಾರ ಹಿಡಿದು ಅಳೆದರೆ ಯಂತ್ರದ ನಿಜವಾದ ವೇಗ ಸಿಗುತ್ತದೆ. ತಯಾರಕರ ಕೈಪಿಡಿಯಲ್ಲಿರುವ ಅಂಕಿಯನ್ನು ನಂಬಬಾರದು, ಏಕೆಂದರೆ ಅದು ಯಂತ್ರ ಹೊಸದಾಗಿದ್ದಾಗ ಸಮನಾದ ಹೊಲದಲ್ಲಿ ಪಡೆದ ಅಂಕಿ. ಎಂಟು ಗಂಟೆ ದುಡಿದ ದಿನದಲ್ಲಿ ಅಲಗಿಗೆ ಸಾಣೆ, ಸಿಕ್ಕಿಕೊಂಡ ಮೇವಿನ ಬಿಡುಗಡೆ, ಟ್ರೈಲರ್ ಬದಲಾವಣೆ ಇವೆಲ್ಲ ಹೋಗಿ ಆರು ಗಂಟೆಯಷ್ಟು ಮಾತ್ರ ಕತ್ತರಿಸುವ ಕೆಲಸ ನಡೆಯುತ್ತದೆ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಒಂದು ಉದಾಹರಣೆ ನೋಡೋಣ. ಯಂತ್ರ ಗಂಟೆಗೆ 5 ಟನ್ ಕತ್ತರಿಸುತ್ತದೆ, ಹಟ್ಟಿಯಲ್ಲಿ 20 ಹಸುಗಳಿವೆ, ಒಂದೊಂದಕ್ಕೆ ದಿನಕ್ಕೆ 20 ಕಿಲೋ ರಸಮೇವು ಕೊಡಬೇಕು ಎಂದುಕೊಳ್ಳೋಣ. ದಿನದ ಖರ್ಚು 400 ಕಿಲೋ. ಚೆನ್ನಾಗಿ ತುಳಿದ ಮೇವು ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ, ಆದ್ದರಿಂದ ದಿನಕ್ಕೆ 0.62 ಘನ ಮೀಟರ್ ಮೇವು ತೆಗೆಯಬೇಕಾಗುತ್ತದೆ. ಗುಂಡಿಯಲ್ಲಿ ಮೇವು ತೆಗೆಯುವ ಬದಿಯ ತೆರೆದ ಮುಖ ಬಿಸಿಯಾಗದಂತೆ ಇರಬೇಕಾದರೆ ದಿನಕ್ಕೆ ಕನಿಷ್ಠ 15 ಸೆಂಟಿಮೀಟರ್ ಆಳದಷ್ಟನ್ನು ಇಡೀ ಮುಖದಿಂದ ತೆಗೆಯಬೇಕು. ಹಾಗಾದರೆ ಮುಖದ ವಿಸ್ತಾರ 4.1 ಚದರ ಮೀಟರ್, ಅಂದರೆ 3 ಮೀಟರ್ ಅಗಲ ಮತ್ತು ಸುಮಾರು 1.4 ಮೀಟರ್ ಎತ್ತರ ಸಾಕು. ಇನ್ನು ಯಂತ್ರದ ಕಡೆಯಿಂದ ನೋಡಿದರೆ ದಿನಕ್ಕೆ 30 ಟನ್‌ನಂತೆ ಎರಡು ದಿನದಲ್ಲಿ 60 ಟನ್ ತುಂಬಬಹುದು. ಅದಕ್ಕೆ ಬೇಕಾದ ಜಾಗ 92 ಘನ ಮೀಟರ್, ಗುಂಡಿಯ ಉದ್ದ ಇಪ್ಪತ್ತೆರಡೂವರೆ ಮೀಟರ್. ಅಷ್ಟು ಮೇವು ಲೆಕ್ಕಕ್ಕೆ 150 ದಿನ ಬರುತ್ತದೆ. ಹುದುಗುವಾಗ ಮತ್ತು ತೆಗೆಯುವಾಗ ಆಗುವ ನಷ್ಟವನ್ನು ಶೇಕಡಾ 10ರಿಂದ 15 ಎಂದು ಹಿಡಿದರೆ ಸುಮಾರು 130 ದಿನಕ್ಕೆ ಆಗುತ್ತದೆ. ವರ್ಷಕ್ಕೆ ಇನ್ನೂ ಹೆಚ್ಚು ಮೇವು ಬೇಕಾದರೆ ಇದೇ ಅಳತೆಯ ಎರಡನೆಯ ಗುಂಡಿಯನ್ನು ಇನ್ನೊಂದು ಬಿತ್ತನೆಯ ಬೆಳೆಗಾಗಿ ಮಾಡಬೇಕೇ ಹೊರತು, ಮೊದಲನೆಯದನ್ನು ದೊಡ್ಡದು ಮಾಡಿ ವಾರವಿಡೀ ತುಂಬುತ್ತಾ ಕೂರಬಾರದು. ಗುಂಡಿ ತುಂಬಲು ಮೂರು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದಾದರೆ ಗುಂಡಿ ಆ ಯಂತ್ರಕ್ಕೆ ದೊಡ್ಡದಾಯಿತು ಎಂದೇ ಅರ್ಥ.

ಹಸುಗಳು ಇದಕ್ಕಿಂತ ಬಹಳ ಕಡಿಮೆ ಇದ್ದರೆ ಗುಂಡಿ ತೀರ ಕಿರಿದಾಗಿ ಟ್ರಾಕ್ಟರ್ ಇಳಿಯುವುದಿಲ್ಲ. ಅಂತಹ ಹಿಡುವಳಿಗಳಲ್ಲಿ ಕಾಲಿನಿಂದ ತುಳಿದು ತುಂಬುವ ದಪ್ಪ ಪ್ಲಾಸ್ಟಿಕ್ ಚೀಲಗಳು ಅಥವಾ ಬಿಗಿಮುಚ್ಚಳದ ಡ್ರಮ್ಮುಗಳು ಗುಂಡಿಗಿಂತ ಮೇಲು. ಒಂದು ಚೀಲ ಕೆಟ್ಟರೂ ಉಳಿದವು ಉಳಿಯುತ್ತವೆ.

ಯಂತ್ರವನ್ನು ಸಿದ್ಧಗೊಳಿಸುವುದು

ಕೊಯ್ಲಿನ ಹಿಂದಿನ ದಿನ ಯಂತ್ರವನ್ನು ಕೊಟ್ಟಿಗೆಯಿಂದ ಹೊರಗೆಳೆಯುವ ರೂಢಿಯೇ ಹಳೆಯ ಯಂತ್ರದ ದೊಡ್ಡ ಶತ್ರು. ಬೆಳೆ ಹೂ ಬಿಡುವ ಸಮಯಕ್ಕೆ ಯಂತ್ರದ ಪರೀಕ್ಷೆ ಮುಗಿದಿರಬೇಕು. ಆಗ ಸಿಗದ ಬಿಡಿಭಾಗವನ್ನು ಹುಡುಕಲು ಅಥವಾ ಲೇತ್ ಕೆಲಸದವರಿಂದ ಮಾಡಿಸಲು ಸಾಕಷ್ಟು ವಾರಗಳು ಉಳಿದಿರುತ್ತವೆ.

ಮೊದಲ ಗಮನ ಅಲಗು ಮತ್ತು ಅದಕ್ಕೆ ಎದುರಾಗಿರುವ ಸ್ಥಿರ ಪಟ್ಟಿಯ ಮೇಲಿರಬೇಕು. ಕತ್ತರಿಯ ಎರಡು ಬಾಯಿಗಳಂತೆ ಇವೆರಡೂ ಸೇರಿಯೇ ಮೇವನ್ನು ಕತ್ತರಿಸುವುದು. ಅಲಗಿಗೆ ಎಷ್ಟೇ ಸಾಣೆ ಹಿಡಿದರೂ ಪಟ್ಟಿಯ ಅಂಚು ಉರುಟಾಗಿದ್ದರೆ ಪ್ರಯೋಜನವಿಲ್ಲ. ಹಳೆಯ ಯಂತ್ರಗಳಲ್ಲಿ ಈ ಪಟ್ಟಿಯನ್ನು ಜನ ಮರೆತೇಬಿಡುತ್ತಾರೆ. ಬಹಳಷ್ಟು ಯಂತ್ರಗಳಲ್ಲಿ ಅದನ್ನು ಬಿಚ್ಚಿ ತಿರುಗಿಸಿ ಬಳಕೆಯಾಗದ ಅಂಚನ್ನು ಮುಂದಕ್ಕೆ ತರಲು ಅವಕಾಶವಿರುತ್ತದೆ, ಎಲ್ಲ ಅಂಚುಗಳೂ ಸವೆದಿದ್ದರೆ ಹೊಸದನ್ನು ಹಾಕಲೇಬೇಕು. ಅಲಗಿಗೆ ಸಾಣೆ ಹಿಡಿಯುವಾಗ ಮೊದಲಿದ್ದ ಓರೆಯನ್ನೇ ಉಳಿಸಿಕೊಳ್ಳಬೇಕು ಮತ್ತು ಅಂಚು ನೀಲಿಗಟ್ಟುವಷ್ಟು ಬಿಸಿಯಾಗಲು ಬಿಡಬಾರದು, ಏಕೆಂದರೆ ನೀಲಿಗಟ್ಟಿದ ಉಕ್ಕು ಮೃದುವಾಗಿ ಒಂದೇ ಗಂಟೆಯಲ್ಲಿ ಮೊಂಡಾಗುತ್ತದೆ. ಅಲಗನ್ನು ಬದಲಿಸುವಾಗ ಎದುರುಬದುರಿನ ಜೋಡಿಯನ್ನು ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಅಲಗುಗಳನ್ನು ಹೊತ್ತು ತಿರುಗುವ ಚಕ್ರದ ತೂಕ ಒಂದು ಬದಿಗೆ ವಾಲಿ, ಉಂಟಾಗುವ ಕಂಪನ ಬೇರಿಂಗನ್ನೂ ಚೌಕಟ್ಟಿನ ಬೆಸುಗೆಯನ್ನೂ ತಿಂದುಹಾಕುತ್ತದೆ. ಅಲಗಿನ ಬೋಲ್ಟುಗಳಿಗೆ ತಯಾರಕರು ಹೇಳಿದ ದರ್ಜೆಯ ಹೊಸ ಬೋಲ್ಟುಗಳನ್ನೇ ಬಳಸಬೇಕು. ಡಬ್ಬಿಯಲ್ಲಿ ಬಿದ್ದಿರುವ ಯಾವುದೋ ಬೋಲ್ಟನ್ನು ಹಾಕಿ ಅದು ತುಂಡಾದರೆ, ಹಾರುವ ಅಲಗು ತಗಡನ್ನು ಸೀಳಿಕೊಂಡು ಹೊರಬರುತ್ತದೆ.

ಅಲಗಿಗೂ ಸ್ಥಿರ ಪಟ್ಟಿಗೂ ನಡುವಿನ ಸಂದು ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಕೈಪಿಡಿ ಕಳೆದುಹೋಗಿದ್ದರೆ ದಪ್ಪ ಕಾಗದದ ಒಂದು ಪದರದಷ್ಟು ಸಂದಿನಿಂದ ಆರಂಭಿಸಬಹುದು. ಟ್ರಾಕ್ಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಟ್ರಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಸಾಗಿಸುವ ಪಿಟಿಒ ದಂಡವನ್ನು ಕಳಚಿ, ಚಕ್ರವನ್ನು ಹಿಂಬದಿಯಿಂದ ನಿಧಾನವಾಗಿ ಕೈಯಲ್ಲಿ ತಿರುಗಿಸುತ್ತಾ ಪ್ರತಿಯೊಂದು ಅಲಗನ್ನೂ ಪಟ್ಟಿಯ ಎಡತುದಿ, ನಡು ಮತ್ತು ಬಲತುದಿಯಲ್ಲಿ ನೋಡಬೇಕು. ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿದ ಕಾಗದದ ಪಟ್ಟಿಯನ್ನು ಆ ಸಂದಿಗೆ ಹಿಡಿದಾಗ ಅದು ತುಂಡಾಗಿ ಬೀಳಬೇಕು. ಮಡಿಚಿಕೊಂಡು ಒಳಗೆ ಜಾರಿದರೆ ಸಂದು ಹೆಚ್ಚಾಗಿದೆ. ಎಡದಲ್ಲಿ ಕತ್ತರಿಸಿ ಬಲದಲ್ಲಿ ಮಡಿಚಿದರೆ ಪಟ್ಟಿ ಓರೆಯಾಗಿದೆ, ಇಲ್ಲವೇ ಮುಖ್ಯ ಬೇರಿಂಗ್ ಸಡಿಲವಾಗಿದೆ. ಬೇರಿಂಗ್ ಸಡಿಲವಾಗಿರುವಾಗ ಸಂದನ್ನು ಕಿರಿದು ಮಾಡುವುದು ಅಪಾಯ, ವೇಗ ಏರಿದಾಗ ಅಲಗು ಹೋಗಿ ಪಟ್ಟಿಗೆ ಬಡಿಯುತ್ತದೆ. ಚಕ್ರದ ದಂಡವನ್ನು ಹಾರೆಯಿಂದ ಮೆಲ್ಲಗೆ ಮೀಟಿ ನೋಡಿ, ಅಲುಗಾಟ ಕೈಗೆ ತಿಳಿಯುವಷ್ಟಿದ್ದರೆ ಮೊದಲು ಬೇರಿಂಗ್ ಬದಲಿಸಬೇಕು.

ಮೇವನ್ನು ಒಳಗೆಳೆಯುವ ರೋಲರುಗಳ ಸ್ಪ್ರಿಂಗ್ ಸೋತಿದ್ದರೆ ಮೇವು ಜಾರಿ, ಒಂದೇ ಹಿಡಿಯಲ್ಲಿ ಒಂದು ಸೆಂಟಿಮೀಟರಿನ ತುಂಡೂ ಹತ್ತು ಸೆಂಟಿಮೀಟರಿನ ಗರಿಯೂ ಬರುತ್ತವೆ. ನುಣುಪಾದ ಕೆಳರೋಲರಿಗೆ ಅಂಟಿದ ಮೇವಿನ ರಸವನ್ನು ಕೆರೆಯುವ ಪಟ್ಟಿ ಹತ್ತಿರದಲ್ಲೇ ಇರಬೇಕು, ಅದು ಸವೆದಿದ್ದರೆ ರೋಲರಿಗೆ ಮೇವು ಸುತ್ತಿಕೊಂಡು ಕೆಲಸ ಪದೇಪದೇ ನಿಲ್ಲುತ್ತದೆ. ಗಾಳಿಯ ರಭಸದಿಂದ ಮೇವನ್ನು ಕೊಳವೆಯ ಮೂಲಕ ಎಸೆಯುವ ಯಂತ್ರವಾದರೆ, ಎಸೆಯುವ ರೆಕ್ಕೆಗಳಿಗೂ ಸುತ್ತಲಿನ ತಗಡಿಗೂ ಇರುವ ಅಂತರ ಕೆಲವೇ ಮಿಲಿಮೀಟರ್ ಇರಬೇಕು. ರೆಕ್ಕೆಯ ತುದಿ ಸವೆದಷ್ಟೂ ಕೊಳವೆ ಕಟ್ಟಿಕೊಳ್ಳುವುದು ಹೆಚ್ಚುತ್ತದೆ.

ತುಂಡಿನ ಉದ್ದ ಮುಸುಕಿನ ಜೋಳಕ್ಕೆ 10ರಿಂದ 20 ಮಿಲಿಮೀಟರ್ ಇದ್ದರೆ ಸರಿ. ಉದ್ದ ಹೆಚ್ಚಿದಷ್ಟೂ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ. ಹಳೆಯ ಯಂತ್ರ ಅಷ್ಟು ಸಣ್ಣಗೆ ಕತ್ತರಿಸಲಾರದಿದ್ದರೆ 25 ಮಿಲಿಮೀಟರಿಗೂ ಒಪ್ಪಿಕೊಳ್ಳಬಹುದು, ಆದರೆ ಆಗ ಬೆಳೆ ಸ್ವಲ್ಪ ಹಸಿಯಾಗಿರಬೇಕು ಮತ್ತು ತುಳಿಯುವ ಸಮಯ ಹೆಚ್ಚಬೇಕು. ಸುತ್ತುವ ಸುತ್ತಿಗೆಗಳಿಂದ ಹುಲ್ಲನ್ನು ಹೊಡೆದು ಎಸೆಯುವ ಫ್ಲೇಲ್ ಮಾದರಿಯ ಹಳೆಯ ಯಂತ್ರಗಳು ಸಣ್ಣಗೆ ಕತ್ತರಿಸುವುದಿಲ್ಲ, ಆದರೆ ಮೇವನ್ನು ಜಜ್ಜುವುದರಿಂದ ಸಕ್ಕರೆಯ ರಸ ಬೇಗ ಹೊರಬಂದು ಹುದುಗುವಿಕೆಗೆ ನೆರವಾಗುತ್ತದೆ. ಅವುಗಳ ದೋಷವೆಂದರೆ ನೆಲಕ್ಕೆ ಹತ್ತಿರ ಇಳಿಸಿದರೆ ಮಣ್ಣನ್ನೂ ಹೀರಿಕೊಳ್ಳುವುದು. ಆದ್ದರಿಂದ ಅವನ್ನು ನೆಲದಿಂದ 8ರಿಂದ 10 ಸೆಂಟಿಮೀಟರ್ ಮೇಲೆ ಇರಿಸುವುದೇ ಒಳ್ಳೆಯದು. ಬುಡದಲ್ಲಿ ಉಳಿಯುವ ಸ್ವಲ್ಪ ಹುಲ್ಲಿಗಾಗಿ ಇಡೀ ಗುಂಡಿಗೆ ಮಣ್ಣು ಬೆರೆಸುವುದು ಲಾಭದ ಮಾತಲ್ಲ.

ಸುರಕ್ಷತೆಯ ಬಗ್ಗೆ ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ. ಹಳೆಯ ಯಂತ್ರಗಳ ಪಿಟಿಒ ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಒಡೆದುಹೋಗಿರುವುದೇ ಹೆಚ್ಚು. ಆ ಕವಚವಿಲ್ಲದೆ ಯಂತ್ರವನ್ನು ಚಾಲೂ ಮಾಡಲೇಬಾರದು. ನಿಮಿಷಕ್ಕೆ 540 ಸುತ್ತಿಗೆಂದು ಮಾಡಿದ ಯಂತ್ರವನ್ನು 1000 ಸುತ್ತಿನ ದಂಡಕ್ಕೆ ಜೋಡಿಸಬಾರದು. ಶಿಯರ್ ಬೋಲ್ಟ್ ಇರುವುದೇ ಯಂತ್ರದೊಳಗೆ ಕಲ್ಲು ಸಿಕ್ಕಾಗ ತಾನು ತುಂಡಾಗಿ ಉಳಿದದ್ದನ್ನು ಕಾಪಾಡಲು, ಆದ್ದರಿಂದ ಅದು ಪದೇಪದೇ ತುಂಡಾಗುತ್ತದೆಂದು ಗಟ್ಟಿ ಬೋಲ್ಟ್ ಹಾಕುವುದು ತಪ್ಪು, ತುಂಡಾಗುವ ಕಾರಣವನ್ನು ಹುಡುಕಬೇಕು. ಕೈಯಿಂದ ಮೇವು ಊಡುವ ಚಾಫ್ ಕಟರಿನಲ್ಲಿ ಊಡುವ ತೊಟ್ಟಿ ಉದ್ದವಾಗಿರಬೇಕು, ಬೆರಳು ರೋಲರಿಗೆ ಮುಟ್ಟುವ ಅಂತರದಲ್ಲಿ ಇರಲೇಬಾರದು. ಹೊಸ ಯಂತ್ರಗಳಲ್ಲಿರುವ ಹಿಮ್ಮುಖ ಚಾಲನೆ ಅನೇಕ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಹೀಗಾಗಿ ಮೇವು ಸಿಕ್ಕಿಕೊಂಡಾಗ ಎಂಜಿನ್ ನಿಲ್ಲಿಸಿ, ಭಾರವಾದ ಚಕ್ರ ತನ್ನ ರಭಸದಲ್ಲಿ ತಿರುಗುವುದೂ ಪೂರ್ತಿ ನಿಂತಿದೆ ಎಂದು ಕಣ್ಣಾರೆ ಕಂಡ ನಂತರವೇ ಮುಚ್ಚಳ ತೆಗೆಯಬೇಕು. ಎಂಜಿನ್ ನಿಂತ ಮೇಲೂ ಆ ಚಕ್ರ ಬಹಳ ಹೊತ್ತು ತಿರುಗುತ್ತದೆ. ಅದರ ಸದ್ದು ಅಡಗಿದ್ದರೆ ಸಾಲದು. ಲೋಹವನ್ನು ಪತ್ತೆಹಚ್ಚುವ ಸಾಧನವೂ ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಹೊಲದ ಅಂಚಿನ ಬೇಲಿಯ ತಂತಿ, ಕಲ್ಲು, ಮುರಿದ ಗುದ್ದಲಿಯ ತುಂಡು ಇವನ್ನು ಕೊಯ್ಲಿಗೆ ಮುಂಚೆ ನಡೆದಾಡಿ ಆರಿಸಿ ತೆಗೆಯುವುದೊಂದೇ ದಾರಿ. ತಂತಿಯ ಚೂರು ಅಲಗಿಗೆ ಮಾಡುವ ಹಾನಿಗಿಂತ ಹಸುವಿನ ಹೊಟ್ಟೆಗೆ ಮಾಡುವ ಹಾನಿ ದೊಡ್ಡದು. ಡೀಸೆಲ್ ಅಥವಾ ಹೈಡ್ರಾಲಿಕ್ ಎಣ್ಣೆ ಸೋರುವ ಟ್ರಾಕ್ಟರನ್ನು ರಿಪೇರಿ ಮಾಡಿಸದೆ ಮೇವಿನ ಮೇಲೆ ಹತ್ತಿಸಬಾರದು.

ಬೆಳೆಯ ಹದ

ರಸಮೇವಿಗೆ ಮುಸುಕಿನ ಜೋಳದಷ್ಟು ಒಗ್ಗುವ ಬೆಳೆ ಇನ್ನೊಂದಿಲ್ಲ. ಅದರಲ್ಲಿ ಸಕ್ಕರೆ ಸಾಕಷ್ಟಿರುತ್ತದೆ ಮತ್ತು ಆಮ್ಲಕ್ಕೆ ಅಡ್ಡಿಮಾಡುವ ಅಂಶಗಳು ಕಡಿಮೆ. ಇಡೀ ಗಿಡದ ಒಣಾಂಶ (ನೀರು ಬಿಟ್ಟು ಉಳಿಯುವ ಭಾಗ) ಶೇಕಡಾ 30ರಿಂದ 35ರ ನಡುವೆ ಇರುವಾಗ ಅದನ್ನು ಕೊಯ್ಯಬೇಕು. ಹೊಸ ಯಂತ್ರಗಳಲ್ಲಿ ಕಾಳನ್ನು ಅರೆದು ಒಡೆಯುವ ರೋಲರುಗಳಿರುತ್ತವೆ, ಹಳೆಯದರಲ್ಲಿ ಇಲ್ಲ. ಗಟ್ಟಿಯಾದ ಕಾಳು ಇಡಿಯಾಗಿ ಉಳಿದರೆ ಹಸುವಿನ ಸಗಣಿಯಲ್ಲೇ ಹೊರಬರುತ್ತದೆ. ಹಾಗಾಗಿ ಹಳೆಯ ಯಂತ್ರವಿರುವವರು ಈ ಅವಧಿಯ ಮೊದಲ ಭಾಗದಲ್ಲೇ, ಅಂದರೆ ಒಣಾಂಶ 30ರಿಂದ 32 ಇರುವಾಗಲೇ ಕೊಯ್ಲು ಆರಂಭಿಸುವುದು ಜಾಣತನ. ತೆನೆಯನ್ನು ಮಧ್ಯಕ್ಕೆ ಮುರಿದು ಕಾಳಿನ ಬದಿಯನ್ನು ನೋಡಿದರೆ ಮೇಲಿನ ಗಟ್ಟಿ ಹಳದಿ ಭಾಗಕ್ಕೂ ಕೆಳಗಿನ ಹಾಲಿನ ಭಾಗಕ್ಕೂ ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಾಳಿನ ಅರ್ಧಕ್ಕೆ ಇಳಿಯುತ್ತಿರುವಾಗ ಹದ ಸರಿಯಾಗಿರುತ್ತದೆ. ಗೆರೆಯೊಂದನ್ನೇ ನಂಬದೆ ಒಣಾಂಶವನ್ನೂ ಅಳೆಯಬೇಕು, ಏಕೆಂದರೆ ತಳಿ ಮತ್ತು ಹವೆಯನ್ನು ಅನುಸರಿಸಿ ಇವೆರಡರ ಸಂಬಂಧ ಬದಲಾಗುತ್ತದೆ.

ಅಳೆಯುವುದು ಕಷ್ಟವಲ್ಲ. ಕತ್ತರಿಸಿದ ಮೇವಿನ 100 ಗ್ರಾಂ ತೂಗಿ, ಮೈಕ್ರೋವೇವ್ ಒಲೆಯಲ್ಲಿ ಒಂದು ಲೋಟ ನೀರಿನ ಜೊತೆ ಇಟ್ಟು ಮೂರು ನಾಲ್ಕು ನಿಮಿಷ, ಆಮೇಲೆ ಒಂದೊಂದೇ ನಿಮಿಷ ಬಿಸಿಮಾಡುತ್ತಾ ತೂಗುತ್ತಾ ಹೋಗಬೇಕು. ತೂಕ ಇಳಿಯುವುದು ನಿಂತಾಗ ಉಳಿದ ಗ್ರಾಮುಗಳೇ ಶೇಕಡಾ ಒಣಾಂಶ. ಮೇವು ಸೀಯದಂತೆ ನೋಡಿಕೊಳ್ಳಬೇಕು. ಹೊಲದಲ್ಲಿ ನಿಂತೇ ಅಂದಾಜು ಮಾಡಬೇಕಾದರೆ ಕತ್ತರಿಸಿದ ಮೇವನ್ನು ಅಂಗೈಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಬಿಡಬೇಕು. ಬೆರಳ ಸಂದಿನಿಂದ ರಸ ತೊಟ್ಟಿಕ್ಕಿದರೆ ಒಣಾಂಶ 25ಕ್ಕಿಂತ ಕಡಿಮೆ. ಉಂಡೆ ಹಾಗೆಯೇ ನಿಂತು ಅಂಗೈ ಒದ್ದೆಯಾದರೆ 25ರಿಂದ 30. ಉಂಡೆ ನಿಧಾನವಾಗಿ ಅರಳಿ, ಅಂಗೈಯಲ್ಲಿ ಬರಿಯ ಪಸೆ ಉಳಿದರೆ 30ರ ಮೇಲೆ. ಕೈ ಬಿಟ್ಟೊಡನೆ ಉದುರಿಹೋದರೆ 40 ದಾಟಿದೆ, ಅಂತಹ ಮೇವನ್ನು ಹಳೆಯ ಯಂತ್ರ ಮತ್ತು ಹಗುರ ಟ್ರಾಕ್ಟರಿನಿಂದ ಗಾಳಿಯಿಲ್ಲದಂತೆ ಒತ್ತುವುದು ಸಾಧ್ಯವಾಗುವುದಿಲ್ಲ.

ಯಂತ್ರ ನಿಧಾನವಾಗಿರುವುದರಿಂದ ಕೊಯ್ಲಿನ ಕೊನೆಯ ದಿನ ಬೆಳೆ ಮೊದಲ ದಿನಕ್ಕಿಂತ ಬಲಿತಿರುತ್ತದೆ ಎಂಬುದನ್ನು ಮರೆಯಬಾರದು. ಬಿತ್ತನೆಯನ್ನೇ ಎರಡು ಮೂರು ಕಂತುಗಳಲ್ಲಿ ಮಾಡಿದರೆ ಈ ತೊಡಕು ಬಹುಪಾಲು ಕರಗುತ್ತದೆ. ಮುಸುಕಿನ ಜೋಳವನ್ನು ನೆಲದಿಂದ 10ರಿಂದ 15 ಸೆಂಟಿಮೀಟರ್ ಮೇಲೆ ಕೊಯ್ಯಬೇಕು. ಮಳೆಯಿಲ್ಲದೆ ಬಾಡಿದ ಬೆಳೆಯಾದರೆ ಇನ್ನೂ ಮೇಲೆ ಕೊಯ್ಯುವುದು ಒಳ್ಳೆಯದು, ಏಕೆಂದರೆ ಬರದಲ್ಲಿ ನೈಟ್ರೇಟ್ ದಂಟಿನ ಬುಡದಲ್ಲಿ ಸಂಗ್ರಹವಾಗುತ್ತದೆ.

ನೇಪಿಯರಿನಂತಹ ಹುಲ್ಲುಗಳಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಕೊಯ್ದ ಹುಲ್ಲನ್ನು ಅರ್ಧ ದಿನದಿಂದ ಒಂದು ದಿನ ಬಾಡಿಸಿ, ಶೇಕಡಾ 28ರಿಂದ 30 ಒಣಾಂಶಕ್ಕೆ ತಂದು, ಹಸಿ ತೂಕದ ಶೇಕಡಾ 2ರಿಂದ 3ರಷ್ಟು ಕಾಕಂಬಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಬೇಕು. ಕತ್ತರಿಯಂತೆ ಹಿಂದಕ್ಕೂ ಮುಂದಕ್ಕೂ ಆಡುವ ಹಲ್ಲುಗಳ ಹಳೆಯ ಹುಲ್ಲು ಕೊಯ್ಯುವ ಯಂತ್ರವಿದ್ದರೆ ಅದನ್ನು ಕಡೆಗಣಿಸಬೇಕಾಗಿಲ್ಲ. ಅದು ನಯವಾಗಿ ಕೊಯ್ಯುತ್ತದೆ, ಮಣ್ಣು ಎಬ್ಬಿಸುವುದಿಲ್ಲ. ಆದರೆ ದಂಟನ್ನು ಜಜ್ಜದ ಕಾರಣ ಹುಲ್ಲು ನಿಧಾನವಾಗಿ ಬಾಡುತ್ತದೆ, ಹೀಗಾಗಿ ಕೊಯ್ದ ಕೂಡಲೇ ತೆಳುವಾಗಿ ಹರಡಬೇಕು. ಹುಲ್ಲು ಕೂಡಿಸುವ ರೇಕಿನ ಹಲ್ಲುಗಳು ಹುಲ್ಲಿನ ಕೂಳೆಯನ್ನು ಸವರಬೇಕೇ ಹೊರತು ನೆಲವನ್ನು ಗೀರಬಾರದು. ಮಣ್ಣಿನ ಜೊತೆ ಬರುವ ಕ್ಲಾಸ್ಟ್ರಿಡಿಯಾ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಬ್ಯುಟಿರಿಕ್ ಆಮ್ಲವನ್ನು ಮಾಡುತ್ತದೆ, ಗುಂಡಿಯಿಂದ ಬರುವ ಕೊಳೆತ ಬೆಣ್ಣೆಯ ವಾಸನೆ ಅದರದೇ. ಅಲಸಂದೆ, ಕುದುರೆಮಸಾಲೆಯಂತಹ ದ್ವಿದಳ ಮೇವನ್ನು ಒಂಟಿಯಾಗಿ ತುಂಬುವುದಕ್ಕಿಂತ ಮುಸುಕಿನ ಜೋಳದೊಂದಿಗೆ ಬೆರೆಸುವುದು ಮೇಲು. ಯೂರಿಯಾ ಬೆರೆಸುವ ರೂಢಿ ಮುಸುಕಿನ ಜೋಳಕ್ಕೆ ಮಾತ್ರ ಹೊಂದುತ್ತದೆ, ಸಕ್ಕರೆ ಕಡಿಮೆಯಿರುವ ಹುಲ್ಲಿಗೆ ಅದನ್ನು ಹಾಕಿದರೆ ಪಿಎಚ್ ಇಳಿಯುವುದೇ ತಡವಾಗುತ್ತದೆ.

ತುಂಬುವುದು ಮತ್ತು ತುಳಿಯುವುದು

ಹಳೆಯ ಯಂತ್ರದ ನಿಧಾನಗತಿ ಇಲ್ಲಿ ವರವಾಗುತ್ತದೆ. ಗಂಟೆಗೆ ಬರುವ ಪ್ರತಿ ಟನ್ ಹಸಿಮೇವಿಗೆ ತುಳಿಯುವ ಟ್ರಾಕ್ಟರಿನ ತೂಕ ಸುಮಾರು 400 ಕಿಲೋ ಇರಬೇಕು ಎಂಬುದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಲೆಕ್ಕ. ಗಂಟೆಗೆ 5 ಟನ್ ಬಂದರೆ 2 ಟನ್ ತೂಕದ ಒಂದೇ ಹಳೆಯ ಟ್ರಾಕ್ಟರ್ ಸಾಕು. ಗಂಟೆಗೆ 50 ಟನ್ ಕತ್ತರಿಸುವ ಹೊಸ ಯಂತ್ರದ ಹಿಂದೆ 20 ಟನ್ ತೂಕದ ವಾಹನಗಳು ಓಡಾಡಬೇಕಾಗುತ್ತದೆ. ದೊಡ್ಡ ಬಾಡಿಗೆ ಯಂತ್ರ ಬಂದು ಅರ್ಧ ದಿನದಲ್ಲಿ ಹೊಲ ಖಾಲಿ ಮಾಡಿ ಹೋದ ಕಡೆಗಳಲ್ಲಿ, ಸಣ್ಣ ಟ್ರಾಕ್ಟರಿನಿಂದ ತುಳಿಯಲಾಗದೆ ಗುಂಡಿ ಸಡಿಲವಾಗಿ ಉಳಿಯುವುದುಂಟು. ಅಂತಹ ಕಡೆಗಿಂತ ನಿಧಾನ ಯಂತ್ರದ ಗುಂಡಿಯೇ ಗಟ್ಟಿಯಾಗಿರಬಲ್ಲದು.

ಮೇವನ್ನು ಒಂದೇ ಕಡೆ ರಾಶಿ ಸುರಿದು ಆಮೇಲೆ ತುಳಿದರೆ ಒತ್ತಡ ಕೆಳಗಿನವರೆಗೆ ತಲುಪುವುದಿಲ್ಲ. ಒಂದು ಗೇಣಿಗಿಂತ ಕಡಿಮೆ, ಅಂದರೆ ಸುಮಾರು 15 ಸೆಂಟಿಮೀಟರಿನ ತೆಳುಪದರವಾಗಿ ಹರಡಿ, ಪ್ರತಿ ಪದರದ ಮೇಲೂ ಚಕ್ರದ ಜಾಡು ಹಿಂದಿನ ಜಾಡಿನ ಮೇಲೆ ಅರ್ಧದಷ್ಟು ಬರುವಂತೆ ನಿಧಾನವಾಗಿ ಓಡಿಸಬೇಕು. ಗುಂಡಿಯ ಒಂದು ತುದಿಯಿಂದ ಆರಂಭಿಸಿ ಇಳಿಜಾರಾಗಿ ಮುಂದುವರಿದರೆ ತುಂಬಿದ ಭಾಗವನ್ನು ಅಂದೇ ಮುಚ್ಚಲು ಸಾಧ್ಯವಾಗುತ್ತದೆ, ಗಾಳಿಗೆ ಒಡ್ಡಿಕೊಳ್ಳುವ ಮುಖವೂ ಚಿಕ್ಕದಾಗಿರುತ್ತದೆ. ಗೋಡೆಯ ಪಕ್ಕದ ಒಂದಡಿ ಜಾಗ ಸಾಮಾನ್ಯವಾಗಿ ಸಡಿಲ ಉಳಿಯುವುದರಿಂದ ಅಂಚನ್ನು ನಡುವಿಗಿಂತ ಸ್ವಲ್ಪ ಎತ್ತರವಾಗಿ ಹರಡಿಕೊಂಡು ಟೈರನ್ನು ಗೋಡೆಗೆ ಹತ್ತಿರವಾಗಿ ಓಡಿಸಬೇಕು. ಹಿಂದಿನ ಚಕ್ರಗಳಿಗೆ ನೀರು ತುಂಬಿಸಿ ಅಥವಾ ತೂಕದ ಬಿಲ್ಲೆಗಳನ್ನು ಹಾಕಿ ಹಳೆಯ ಟ್ರಾಕ್ಟರಿನ ಭಾರ ಹೆಚ್ಚಿಸಬಹುದು. ತುಳಿದ ಮೇವಿನ ಮೇಲೆ ಹಿಮ್ಮಡಿ ಊರಿ ನಿಂತಾಗ ಪಾದ ಹುಗಿಯದಿದ್ದರೆ ಆ ಪದರ ಮುಗಿದಂತೆ.

ತುಳಿಯುವ ಟ್ರಾಕ್ಟರ್ ಹೊಲಕ್ಕೆ ಹೋಗಬಾರದು, ಅದರ ಟೈರುಗಳನ್ನು ತೊಳೆದ ಮೇಲೆ ಗುಂಡಿಯಲ್ಲೇ ಇರಬೇಕು. ಮುಂಚಕ್ರಗಳು ಹತ್ತಿರವಿರುವ, ಉರುಳಿದಾಗ ಚಾಲಕನನ್ನು ಕಾಪಾಡುವ ಚೌಕಟ್ಟು ಇಲ್ಲದ ಹಳೆಯ ಟ್ರಾಕ್ಟರುಗಳನ್ನು ನೆಲಮಟ್ಟದಿಂದ ಮೇಲೆದ್ದ ರಾಶಿಯ ಮೇಲೆ ಹತ್ತಿಸಲೇಬಾರದು. ಚೌಕಟ್ಟಿರುವ ಟ್ರಾಕ್ಟರಿಗೂ ಇಳಿಜಾರು ಮೂರಕ್ಕೆ ಒಂದಕ್ಕಿಂತ ಕಡಿದಾಗಿರಬಾರದು. ಅಂಚುಗಳಲ್ಲಿ ಅಡ್ಡಡ್ಡ ಓಡಿಸಬಾರದು. ರಾತ್ರಿ ಕೆಲಸ ನಿಲ್ಲಿಸುವಾಗ ಹಾಳೆಯನ್ನು ಎಳೆದು ಮುಚ್ಚಿ ಅಂಚಿಗೆ ಭಾರವಿಡಬೇಕು. ಬೆಳಗ್ಗೆ ಹೊಸ ಮೇವು ಹಾಕುವ ಮುಂಚೆ ಮೇಲ್ಪದರವನ್ನು ಇನ್ನೊಮ್ಮೆ ತುಳಿಯುವುದು ಬೇಡ, ರಾತ್ರಿ ಬಿಸಿಯಾದ ಮೇವಿನೊಳಗೆ ಅದು ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಮುಚ್ಚುವುದು

ಕೊನೆಯ ಟ್ರೈಲರ್ ಸುರಿದ ದಿನವೇ ಮುಚ್ಚುವ ಕೆಲಸ ಮುಗಿಯಬೇಕು. 150 ಮೈಕ್ರಾನಿಗೆ ಕಡಿಮೆಯಿಲ್ಲದ, ಬಿಸಿಲಿಗೆ ಹಾಳಾಗದಂತೆ ತಯಾರಿಸಿದ ಪಾಲಿಥೀನ್ ಹಾಳೆಯನ್ನು ಬಿಳಿಯ ಬದಿ ಮೇಲೆ ಬರುವಂತೆ ಹೊದಿಸಬೇಕು. ಗೋಡೆಗಳಿಗೂ ಮೊದಲೇ ಹಾಳೆ ಇಳಿಬಿಟ್ಟಿದ್ದರೆ ಅದನ್ನು ಮೇವಿನ ಮೇಲೆ ಮಡಿಚಿ, ಅದರ ಮೇಲೆ ಮೇಲುಹಾಳೆ ಬರುವಂತೆ ಮಾಡಿದರೆ ಮಳೆನೀರು ಒಳಗೆ ಇಳಿಯುವುದಿಲ್ಲ. ಹಾಳೆಯ ಮೇಲೆ ಹಳೆಯ ಟೈರುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿ, ಅಂಚಿನುದ್ದಕ್ಕೂ ಮರಳಿನ ಚೀಲಗಳನ್ನು ಇಡಬೇಕು. ಒಳಗಿನ ಉಕ್ಕಿನ ತಂತಿ ಹೊರಬಂದಿರುವ ಟೈರುಗಳನ್ನು ಬಳಸಬಾರದು. ನೆಟ್ಟಗೆ ಮಣ್ಣನ್ನೇ ಸುರಿಯುವ ಪದ್ಧತಿಯೂ ಇದೆ, ಆದರೆ ತೆರೆಯುವಾಗ ಆ ಮಣ್ಣು ಮೇವಿಗೆ ಬೀಳುವುದನ್ನು ತಡೆಯುವುದು ಕಷ್ಟ. ಇಲಿ, ನಾಯಿ, ಹಕ್ಕಿಗಳು ಮಾಡುವ ತೂತುಗಳನ್ನು ವಾರಕ್ಕೊಮ್ಮೆ ನೋಡಿ ಅಂಟುಪಟ್ಟಿ ಹಾಕಬೇಕು. ಸತ್ತ ಇಲಿ ಮೇವಿನಲ್ಲಿ ಉಳಿದರೆ ಬೊಟುಲಿಸಮ್ ಎಂಬ ಮಾರಕ ವಿಷವೇರುವ ಅಪಾಯವಿದೆ.

ಮೇವು ಹಸಿಯಾಗಿದ್ದರೆ ಗುಂಡಿಯಿಂದ ರಸ ಹರಿಯುತ್ತದೆ. ಅದು ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ, ಕೆರೆ ಬಾವಿಗಳಿಗೆ ಸೇರಿದರೆ ನೀರಿನ ಆಮ್ಲಜನಕವನ್ನು ಕಸಿದು ಮೀನುಗಳನ್ನು ಕೊಲ್ಲುತ್ತದೆ. ಒಂದು ಚಿಕ್ಕ ತೊಟ್ಟಿಯಲ್ಲಿ ಅದನ್ನು ಹಿಡಿದು, ಸಾಕಷ್ಟು ನೀರು ಬೆರೆಸಿ ಹೊಲಕ್ಕೆ ಹರಿಸಬಹುದು.

ಮೊದಲ ಮೂರು ವಾರ ಗುಂಡಿಯ ಬಳಿ ಇನ್ನೊಂದು ಅಪಾಯವಿರುತ್ತದೆ. ಹುದುಗುವಾಗ ಹೊರಬರುವ ನೈಟ್ರೋಜನ್ ಡೈಆಕ್ಸೈಡ್ ಕಂದುಹಳದಿ ಬಣ್ಣದ, ಬ್ಲೀಚಿಂಗ್ ಪುಡಿಯಂತೆ ಮೂಗಿಗೆ ಹೊಡೆಯುವ, ಗಾಳಿಗಿಂತ ಭಾರವಾದ ವಿಷಾನಿಲ. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಡೈಆಕ್ಸೈಡ್ ಕೂಡ ತಗ್ಗಿನಲ್ಲಿ ನಿಲ್ಲುತ್ತದೆ. ಆಳವಾದ ಗುಂಡಿಗೆ ಅಥವಾ ಗೋಪುರದ ಮಾದರಿಯ ಹಗೇವಿಗೆ ಆ ದಿನಗಳಲ್ಲಿ ಯಾರೂ ಇಳಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಒಳಗೆ ಕುಸಿದು ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಇಳಿದವರೂ ಹೊರಬರುವುದಿಲ್ಲ.

ತೆರೆಯುವುದು ಮತ್ತು ಕೊಡುವುದು

ಕನಿಷ್ಠ ನಲವತ್ತರಿಂದ ನಲವತ್ತೈದು ದಿನ ಮುಚ್ಚಿಟ್ಟು ತೆರೆದರೆ ಮೇವು ಸ್ಥಿರವಾಗಿರುತ್ತದೆ. ಒಳ್ಳೆಯ ರಸಮೇವು ಹಳದಿಮಿಶ್ರಿತ ಹಸಿರು ಬಣ್ಣದ್ದು. ಅದರ ವಾಸನೆ ಹಿತವಾದ ಹುಳಿ, ಕೈಯಲ್ಲಿ ಉಜ್ಜಿದರೆ ಅಂಟುವುದಿಲ್ಲ, ಎಲೆಯ ಆಕಾರ ಗುರುತು ಸಿಗುತ್ತದೆ. ಪಿಎಚ್ ಕಾಗದದಲ್ಲಿ ಮುಸುಕಿನ ಜೋಳದ್ದು 3.8ರಿಂದ 4.2ರೊಳಗೆ ಬರಬೇಕು. ಕಡುಕಂದು ಬಣ್ಣವೂ ಹೊಗೆಸೊಪ್ಪಿನ ವಾಸನೆಯೂ ಇದ್ದರೆ ಗುಂಡಿ ವಿಪರೀತ ಬಿಸಿಯಾಗಿತ್ತು ಎಂದು ತಿಳಿಯಬೇಕು. ಅದನ್ನು ಹಸು ಇಷ್ಟಪಟ್ಟು ತಿಂದರೂ ಅದರಲ್ಲಿನ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಬೂಷ್ಟು ಹಿಡಿದ ಭಾಗವನ್ನು ಉಳಿದದ್ದರಲ್ಲಿ ಬೆರೆಸಿ ಮುಗಿಸುವ ಆಸೆ ಬೇಡ. ಗಬ್ಬದ ಹಸುಗಳಿಗಂತೂ ಅದನ್ನು ಕೊಡಲೇಬಾರದು, ಸರಿಯಾಗಿ ಮುಚ್ಚದ ರಸಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ಗರ್ಭಪಾತಕ್ಕೆ ಕಾರಣವಾಗುತ್ತದೆ.

ಮೇವನ್ನು ಮೇಲಿನಿಂದ ಕೆಳಗೆ ನೇರವಾಗಿ ಕಡಿದು ತೆಗೆಯಬೇಕು. ಬುಡದಲ್ಲಿ ಗುಹೆಯಂತೆ ಕೊರೆದರೆ ಮೇಲಿನ ಮೇವು ಕುಸಿದು ಜನರ ಮೇಲೆ ಬೀಳಬಹುದು. ಹಾಳೆಯನ್ನು ಎರಡು ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ಹಿಂದಕ್ಕೆ ಸರಿಸಬೇಕು. ಮುಖದೊಳಗೆ ಒಂದು ಗೇಣು ಆಳಕ್ಕೆ ಕೈ ಹಾಕಿದಾಗ ಬಿಸಿ ತಾಗಿದರೆ ತೆಗೆಯುವ ವೇಗ ಸಾಲದು ಎಂದು ಅರ್ಥ. ಹಸುಗಳಿಗೆ ಮೊದಲ ವಾರ ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಿ, ಹಾಲು ಕರೆದ ಮೇಲೆ ಕೊಟ್ಟರೆ ಹಾಲಿಗೆ ವಾಸನೆ ತಾಗುವುದಿಲ್ಲ.

ಯಂತ್ರವನ್ನು ಎತ್ತಿಡುವುದು

ಗುಂಡಿ ಮುಚ್ಚಿದ ಮರುದಿನ ಯಂತ್ರದ ಕೆಲಸ ಬಾಕಿ ಇರುತ್ತದೆ. ಒಣಗಿದ ಮೇವಿನ ರಸ ಆಮ್ಲೀಯವಾಗಿದ್ದು, ಒಂದು ಮಳೆಗಾಲ ಹಾಗೆಯೇ ಬಿಟ್ಟರೆ ತಗಡನ್ನು ತೂತು ಮಾಡುತ್ತದೆ. ಎಲ್ಲ ಮುಚ್ಚಳಗಳನ್ನು ತೆರೆದು ರೋಲರ್, ಕೊಳವೆ ಮತ್ತು ಚಕ್ರದ ಹಿಂಬದಿಯ ಮೇವನ್ನು ಕೆರೆದು ತೆಗೆದು ತೊಳೆಯಬೇಕು, ಆದರೆ ನೀರಿನ ರಭಸವನ್ನು ಬೇರಿಂಗುಗಳ ಮೇಲೆ ನೇರವಾಗಿ ಬಿಡಬಾರದು. ಪೂರ್ತಿ ಒಣಗಿದ ಮೇಲೆ ಪ್ರತಿ ನಿಪ್ಪಲಿಗೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಒತ್ತಿ, ಬೆಲ್ಟುಗಳ ಬಿಗಿತ ಸಡಿಲಿಸಿ, ಅಲಗು ಮತ್ತು ಸ್ಥಿರ ಪಟ್ಟಿಗೆ ಎಣ್ಣೆ ಸವರಬೇಕು. ಸವೆದ ಭಾಗಗಳ ಅಳತೆ ಮತ್ತು ಸಂಖ್ಯೆಯನ್ನು ಆಗಲೇ ಬರೆದು ಯಂತ್ರದ ಮುಚ್ಚಳದೊಳಗೆ ಅಂಟಿಸಿಟ್ಟರೆ, ಬಿಡಿಭಾಗ ಹುಡುಕಲು ಮುಂದಿನ ಕೊಯ್ಲಿನವರೆಗಿನ ಇಡೀ ಅವಧಿ ಸಿಗುತ್ತದೆ.